ನಮ್ಮತ್ತೆ ಮುಂದಕ್ಕೆ ಕಳಿಸಿದ ಸುದ್ದಿ

ಈ ಪ್ರಪಂಚ ಇನ್ನೂ ಮುಳುಗದೆ ಉಳಿದುಕೊಂಡಿದ್ದರೆ ಅದಕ್ಕೆ ನಮ್ಮತ್ತೆಯೇ ಕಾರಣ. ನಗಬೇಡಿ, ನಿಜ ಹೇಳುತ್ತಿದ್ದೇನೆ! ಬಾಳೆಹಣ್ಣಿಗೆ ಚುಚ್ಚುವ ಸೂಜಿಯಿಂದ, ಆಕಾಶದಿಂದ ಇಳಿಯುವ ಕಿರಣದಿಂದ, ಮೊಬೈಲ್ ಚಾರ್ಜರಿನಿಂದ, ತಣ್ಣೀರಿನಿಂದ, ಬಿಸಿನೀರಿನಿಂದ, ಕೊನೆಗೆ ಯಾವ ನೀರನ್ನೇ ಆಗಲಿ ನಿಂತುಕೊಂಡು ಕುಡಿಯುವುದರಿಂದ ಅವರು ನಮ್ಮನ್ನೆಲ್ಲ ಕಾಪಾಡಿದ್ದಾರೆ. ಇವತ್ತು ಬೆಳಿಗ್ಗೆ ನಾನು ಹಲ್ಲುಜ್ಜುವ ಮೊದಲೇ ಪೇಸ್ಟಿನಿಂದ ಕಾಪಾಡಿದರು. ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇಂಥವರೊಬ್ಬರು ಇಲ್ಲದಿದ್ದರೆ ನೀವು ಇಷ್ಟು ದಿನ ಹೇಗೆ ಬದುಕಿದ್ದೀರೋ ನನಗೆ ತಿಳಿಯದು.

ಅತ್ತೆ ಎಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ. ನಮ್ಮಪ್ಪನ ತಂಗಿ, ಸೋದರತ್ತೆ. ಶಿಡ್ಲಘಟ್ಟದ ಆಚೆ ಒಂದು ಹಳ್ಳಿಯಲ್ಲಿ ಮನೆ, ಮನೆಯ ಪಕ್ಕದಲ್ಲೇ ಹುಳದ ಮನೆ, ಹಿಂದೆ ಹಿಪ್ಪುನೇರಳೆ ತೋಟ. ಮದುವೆಯಾಗಿ ಬಂದಂದಿನಿಂದ ರೇಷ್ಮೆ ಹುಳು ಸಾಕುತ್ತಿದ್ದಾರೆ. ಒಬ್ಬಳೇ ಮಗಳು, ಚಿಂತಾಮಣಿಗೆ ಕೊಟ್ಟಿದ್ದಾರೆ. ಮನೆಯಲ್ಲಿ ಇರುವವರು ಅತ್ತೆ ಮತ್ತು ಮಾವ. ಮಾವ ಮಾತು ಕಡಿಮೆಯ ಮನುಷ್ಯ. ಕಡಿಮೆ ಎಂದರೆ ಎಷ್ಟು ಕಡಿಮೆ ಅಂತ ಕೇಳಬೇಡಿ, ಅವರ ಪಾಲಿನದನ್ನೂ ಅತ್ತೆಯೇ ಆಡುವುದರಿಂದ ಮನೆಯಲ್ಲಿ ಮಾತಿಗೇನೂ ಕೊರತೆಯಾಗಿಲ್ಲ.

ನಾನು ಗೌರಿಬಿದನೂರಿನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಇದು ಅತ್ತೆಗೆ ಬಹಳ ಹೆಮ್ಮೆಯ ವಿಷಯ, ಬಹಳ ಬೇಸರದ ವಿಷಯ ಕೂಡ. ಅವರು ಕಳಿಸಿದ್ದಕ್ಕೆಲ್ಲ ನಾನು "ಇದು ಸುಳ್ಳು ಅತ್ತೆ" ಎಂದು ಉತ್ತರ ಬರೆಯುತ್ತೇನೆ. ಅವರು ತಕ್ಷಣ ಫೋನು ಮಾಡುತ್ತಾರೆ.

"ನೀನು ಬರೀ ಸೈನ್ಸು ಓದಿದೀಯ ಕಣೇ. ಇದು ಸೈನ್ಸಲ್ಲ, ನಿಜವಾಗ್ಲೂ ನಡೆದಿರೋದು!"

ಇದಕ್ಕೆ ಏನು ಹೇಳುತ್ತೀರಿ?

ಆಕಾಶದ ಕಿರಣದ ಕಥೆ ಕೇಳಿ. ಅಮೆರಿಕದ ವಿಜ್ಞಾನಿಗಳು ಹೇಳಿದ್ದಾರಂತೆ, ಇವತ್ತು ರಾತ್ರಿ ಭೂಮಿಯ ಪಕ್ಕದಲ್ಲೇ ಏನೋ ಒಂದು ಕಿರಣ ಹಾದುಹೋಗುತ್ತದಂತೆ, ಮೊಬೈಲು ಹತ್ತಿರ ಇಟ್ಟುಕೊಂಡವರು ಬೆಳಿಗ್ಗೆ ಏಳುವುದಿಲ್ಲವಂತೆ. ಇದನ್ನು ಗ್ರೂಪಿಗೆ ಹಾಕಿದರು. ಯಾರೂ ಉತ್ತರ ಕೊಡಲಿಲ್ಲ. ಅತ್ತೆಗೆ ದಿಗಿಲು ಹತ್ತಿತು. ಓದಿದರೋ ಇಲ್ಲವೋ! ಸಂಜೆ ಹುಳಕ್ಕೆ ಸೊಪ್ಪು ಹಾಕುವುದನ್ನು ಮಾವನಿಗೆ ಬಿಟ್ಟು, ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ ಫೋನು ಆಫ್ ಮಾಡಿ ಎಂದು ಹೇಳಲು ಕೂತರು. ಅವರ ಗೋಳು ತಾಳಲಾರದೆ ನಾವೆಲ್ಲ ಆಫ್ ಮಾಡಿದೆವು. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎಲ್ಲರೂ ಆಫ್ ಮಾಡಿದ್ದಾರೋ ಇಲ್ಲವೋ ಎಂದು ಅತ್ತೆ ಇನ್ನೊಂದು ಸುತ್ತು ಫೋನು ಮಾಡಿದರು. ಯಾರೂ ಎತ್ತಲಿಲ್ಲ! ಬೆಳಿಗ್ಗೆ ಮತ್ತೆ ಮಾಡಿದರು. ನಾನು ಎದ್ದು ಫೋನು ಆನ್ ಮಾಡುವುದನ್ನೇ ಮರೆತಿದ್ದೆ. ಸ್ಕೂಲಿಗೆ ಹೊರಡುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಮಾವ! ಮಂಕಿ ಟೋಪಿ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟು ಬಂದಿದ್ದಾರೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಇದೀಯಾ?" ಎಂದರು.

"ಇದೀನಿ ಮಾವ."

"ಸರಿ. ಕಾಫಿ ಕೊಡು."

ಕಾಫಿ ಕುಡಿದು, ನನ್ನ ಫೋನಿನಿಂದಲೇ ಅತ್ತೆಗೆ "ಇದ್ದಾಳೆ" ಎಂದು ಹೇಳಿ, ಬಂದ ದಾರಿಯಲ್ಲೇ ವಾಪಸು ಹೋದರು.

ಹಾಗಂತ ನಮ್ಮತ್ತೆ ಯಾರು ಏನು ಹೇಳಿದರೂ ನಂಬಿಬಿಡುವ ಪೆದ್ದಮ್ಮ ಎಂದು ತಿಳಿಯಬೇಡಿ. ರೇಷ್ಮೆ ಗೂಡಿನ ವಿಷಯಕ್ಕೆ ಬಂದರೆ ಅವರು ದೇವರನ್ನೂ ನಂಬುವವರಲ್ಲ. ದಲ್ಲಾಳಿ ಫೋನು ಮಾಡಿ "ಅಕ್ಕಾ, ಇವತ್ತು ರೇಟು ಬಿದ್ದೋಗಿದೆ" ಎಂದರೆ "ಬಿದ್ದಿದ್ರೆ ಬಿದ್ದಿರ್ಲಿ, ನಾನೇ ಬಂದು ಎತ್ತಿ ನೋಡ್ತೀನಿ" ಎಂದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಮಾವನನ್ನು ಅಟ್ಟುತ್ತಾರೆ. ಪಕ್ಕದ ತೋಟದವರು ಸೊಪ್ಪಿಗೆ ಔಷಧಿ ಹೊಡೆದಿಲ್ಲ ಎಂದು ಆಣೆ ಮಾಡಿದರೂ ಎಲೆ ಮೂಸಿ ನೋಡುತ್ತಾರೆ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿರುವ ಹುಳು ಬದುಕಿದೆಯೋ ಸತ್ತಿದೆಯೋ ಹೇಳುತ್ತಾರೆ. ಒಂದು ಸಲ ನಾನು ಕೇಳಿಯೇಬಿಟ್ಟೆ.

"ಗೂಡನ್ನ ಅಲ್ಲಾಡಿಸಿ ನೋಡ್ತೀರಲ್ಲ ಅತ್ತೆ, ಈ ಸುದ್ದಿಗಳನ್ನ ಯಾಕೆ ಹಾಗೆ ಅಲ್ಲಾಡಿಸಿ ನೋಡಲ್ಲ?"

"ಗೂಡು ಮಾರೋದು ಕಣೇ. ಸುದ್ದಿ ನಾನೇನು ಮಾರ್ತೀನಾ? ಸುಮ್ನೆ ಕೊಡ್ತೀನಿ!"

ಕೊಡುವುದಕ್ಕೂ ಅವರ ಹತ್ತಿರ ಕ್ರಮ ಇದೆ. ಸುದ್ದಿಯಲ್ಲಿ ಊರಿನ ಹೆಸರು ಇದ್ದರೆ ನಿಜ. ("ಸುಳ್ಳು ಹೇಳೋರು ಅಡ್ರೆಸ್ಸು ಯಾಕೆ ಕೊಡ್ತಾರೆ?") ಅಕ್ಷರ ತಪ್ಪುಗಳಿದ್ದರೆ ಇನ್ನೂ ನಿಜ. ("ಪಾಪ, ಗಾಬರೀಲಿ ಬರೆದವ್ರೆ.") ಹೇಳುವವರು ಅಳುತ್ತಿದ್ದರೆ ಕೇಳುವುದೇ ಬೇಡ. ಇವೆಲ್ಲಕ್ಕಿಂತ ಮುಖ್ಯವಾಗಿ, ಅದು ಯಾರಿಂದ ಬಂತು ಎನ್ನುವುದು. ಅವರ ನಾದಿನಿಯಿಂದ ಬಂದರೆ ಅದು ಕಲ್ಲಿನಲ್ಲಿ ಕೆತ್ತಿದ್ದು. ಯಾಕೆಂದರೆ ಆ ನಾದಿನಿ ಬಾಣಂತನದಲ್ಲಿ ಅತ್ತೆಯನ್ನು ತಿಂಗಳುಗಟ್ಟಲೆ ನೋಡಿಕೊಂಡವರು. "ನನಗೆ ಪಥ್ಯ ಮಾಡಿ ಹಾಕಿದೋಳು ನನಗೆ ಸುಳ್ಳು ಹೇಳ್ತಾಳಾ?" ಇಲ್ಲಮ್ಮಾ, ಅವರು ಸುಳ್ಳು ಹೇಳುವುದಿಲ್ಲ. ಅವರಿಗೆ ಕಳಿಸಿದವರು? ಅವರಿಗೂ ಯಾರೋ ಪಥ್ಯ ಮಾಡಿ ಹಾಕಿರಬೇಕು. ಹೀಗೆ ಹಿಂದಕ್ಕೆ ಹೋಗುತ್ತಾ ಹೋದರೆ ಆ ತುದಿಯಲ್ಲಿ ಯಾವ ಪುಣ್ಯಾತ್ಮ ಕೂತಿರುತ್ತಾನೋ ಯಾರಿಗೆ ಗೊತ್ತು!

ಚಿಂತಾಮಣಿಯ ಒಂದು ಮದುವೆ ಊಟದಲ್ಲಿ ಅತ್ತೆ ಮಾಡಿದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಬೆವರುತ್ತದೆ. ಆಗ ಪ್ಲಾಸ್ಟಿಕ್ ಅಕ್ಕಿಯ ಸುದ್ದಿ ಓಡಾಡುತ್ತಿತ್ತು. ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆ ಹೊಡೆಯಬೇಕಂತೆ, ಚೆಂಡಿನ ಹಾಗೆ ಪುಟಿದರೆ ಪ್ಲಾಸ್ಟಿಕ್ಕಂತೆ. ಎಲೆಗೆ ಅನ್ನ ಬಿದ್ದದ್ದೇ ತಡ, ಅತ್ತೆ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರು. ನಾನು "ಬೇಡ ಅತ್ತೆ" ಎನ್ನುವುದರೊಳಗೆ ಎಲೆಯ ಪಕ್ಕಕ್ಕೆ ರಪ್ಪನೆ ಹೊಡೆದರು. ಉಂಡೆ ಪುಟಿಯಲಿಲ್ಲ, ಜಾರಿತು. ಜಾರಿ ಎದುರು ಸಾಲಿನಲ್ಲಿ ಕೂತಿದ್ದ ಗಂಡಿನ ಸೋದರಮಾವನ ಪಂಚೆಯನ್ನು ಸೇರಿತು. ಸಾಲಿಗೆ ಸಾಲೇ ಕೈ ಎಲೆಯಲ್ಲಿಟ್ಟು ಸ್ತಬ್ಧವಾಯಿತು.

"ಪುಟೀಲಿಲ್ಲ! ಒಳ್ಳೆ ಅಕ್ಕೀನೇ. ಎಲ್ರೂ ಊಟ ಮಾಡಿ" ಎಂದು ಅತ್ತೆ ಗಟ್ಟಿಯಾಗಿ ಅಪ್ಪಣೆ ಕೊಟ್ಟರು.

ಹೆಣ್ಣಿನ ತಂದೆಯ ಮುಖ ನೋಡಲಾಗಲಿಲ್ಲ. ಆದರೆ ನನ್ನನ್ನು ಹೆದರಿಸಿದ್ದು ಬೇರೆ. ಆ ಸಾಲಿನಲ್ಲಿ ವಕೀಲರಿದ್ದರು, ಬ್ಯಾಂಕಿನವರಿದ್ದರು. ಅತ್ತೆಯನ್ನು ನೋಡಿ ನಕ್ಕರು. ನಕ್ಕು, ಎಲ್ಲರೂ ಒಂದೊಂದು ಅಗುಳನ್ನು ಬೆರಳ ಮಧ್ಯೆ ಹಿಸುಕಿ ನೋಡಿ ಆಮೇಲೆ ಬಾಯಿಗಿಟ್ಟರು. ವಿಜ್ಞಾನದ ಟೀಚರೂ ಹಿಸುಕಿದರು ಎಂದು ಬೇರೆ ಹೇಳಬೇಕೇ?

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟಾದೆ. "ಇದರಿಂದ ಏನು ಸಿಗುತ್ತೆ ಅತ್ತೆ ನಿಮಗೆ?" ಅಂದೆ. ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಹೇಳಿದರು.

"ಸುಳ್ಳಾದ್ರೆ ಏನು ಹೋಯ್ತು ಹೇಳು? ನೀವೆಲ್ಲ ನಗ್ತೀರಿ, ಅಷ್ಟೇ ತಾನೆ. ನಿಜ ಆಗಿಬಿಟ್ಟಿದ್ರೆ? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ ಅಂತ ಆಮೇಲೆ ನನಗೆ ಅನ್ನ ಸೇರುತ್ತಾ?"

ಅವರಿಗೆ ಯಾವಾಗಲೂ ಭಯ. ನಮಗೆಲ್ಲ ಏನಾಗಿಬಿಡುತ್ತದೋ ಎಂಬ ಭಯ. ಆ ಭಯವನ್ನು ಒಬ್ಬರೇ ಹೊತ್ತುಕೊಂಡಿರಲಾರದೆ ನಮಗೆಲ್ಲ ಸ್ವಲ್ಪ ಸ್ವಲ್ಪ ಹಂಚುತ್ತಾರೆ. ಹಂಚಿದ ಮೇಲೆ ಅವರಿಗೆ ಹಗುರವಾಗುತ್ತದೆ, ನಮಗೆ ಭಾರವಾಗುತ್ತದೆ. ನನ್ನ ಮೊಬೈಲು ಟಣ್ ಎಂದರೆ ಸಾಕು, ಇವತ್ತು ಯಾವುದನ್ನು ತಿನ್ನಬಾರದೋ ಎಂದು ನನ್ನ ಎದೆಯೂ ಒಂದು ಸಲ ಧಸಕ್ ಎನ್ನುತ್ತದೆ.

ಹೀಗಿರುವಾಗ ಮಕ್ಕಳ ಕಳ್ಳರ ಸುದ್ದಿ ಬಂತು.

ಮೊದಲು ಬಂದದ್ದು ಎರಡೇ ಸಾಲು. "ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರೂ ಎಚ್ಚರವಾಗಿರಿ, ಎಲ್ಲರಿಗೂ ಕಳಿಸಿ." ಊರಿಲ್ಲ, ಹೆಸರಿಲ್ಲ. ಕಳಿಸಿದವರು ಅದೇ ಪಥ್ಯದ ನಾದಿನಿ. ಆ ವಾರವೇ ಅತ್ತೆಯ ಮಗಳು ತನ್ನ ಪುಟ್ಟ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಚಿಂತಾಮಣಿಗೆ ಹೋಗಿದ್ದಳು. ಮಗು ಎಂದರೆ ಅತ್ತೆಗೆ ಪ್ರಾಣ. ಸುದ್ದಿಯನ್ನು ಗ್ರೂಪಿಗೆ ಹಾಕಿದರು. ನಾನು ಎಂದಿನಂತೆ "ಸುಳ್ಳು" ಎಂದು ಬರೆದೆ. ಯಾರೂ ಬೆಚ್ಚಿಬೀಳಲಿಲ್ಲ. ಅತ್ತೆಗೆ ಅದೇ ಸಹಿಸಲಾಗಲಿಲ್ಲ. ಬರೆದದ್ದನ್ನು ಯಾರು ಓದುತ್ತಾರೆ, ಬಾಯಿಂದಲೇ ಹೇಳುತ್ತೇನೆ ಎಂದು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ತಮ್ಮ ದನಿಯಲ್ಲೇ ಒಂದು ಮೆಸೇಜು ಮಾಡಿ ಊರಿನ ಗ್ರೂಪು, ಮಹಿಳಾ ಸಂಘದ ಗ್ರೂಪು, ಹಾಲಿನ ಡೈರಿ ಗ್ರೂಪು, ಎಲ್ಲದಕ್ಕೂ ಹಾಕಿದರು.

"ಅಮ್ಮಾ, ಅಕ್ಕಾ, ಎಲ್ರೂ ಕೇಳಿಸ್ಕೊಳ್ಳಿ. ಮಕ್ಕಳ ಕಳ್ಳರು ನಮ್ಮ ಕಡೆಗೂ ಬಂದವ್ರಂತೆ. ಮೂಟೆ ಹೊತ್ಕೊಂಡು ಬರ್ತಾರಂತೆ. ಮಕ್ಕಳಿಗೆ ಏನೋ ಕೊಟ್ಟು ಕರೀತಾರಂತೆ. ಮಕ್ಕಳನ್ನ ಬಾಗಿಲಿಗೆ ಬಿಡಬೇಡ್ರಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ."

ಕೊನೆಯಲ್ಲಿ ದನಿ ನಡುಗಿತ್ತು. ನಟನೆಯಲ್ಲ, ನಿಜವಾದ ನಡುಕ.

ನಾನು ಫೋನು ಮಾಡಿದೆ. "ಮೂಟೆ ಎಲ್ಲಿಂದ ಬಂತು ಅತ್ತೆ? ಮೊದಲಿನ ಸುದ್ದೀಲಿ ಮೂಟೆಯೇ ಇರಲಿಲ್ಲ!"

"ಮಗೂನ ಎತ್ಕೊಂಡು ಹೋಗೋರು ಸುಮ್ನೆ ಕಂಕುಳಲ್ಲಿ ಇಟ್ಕೊಂಡು ಹೋಗ್ತಾರೇನೇ? ಏನಾದ್ರೂ ಬೇಡ್ವಾ?"

"ಮತ್ತೆ 'ಏನೋ ಕೊಟ್ಟು ಕರೀತಾರೆ' ಅನ್ನೋದು?"

"ಏನೂ ಕೊಡದೆ ಕರೆದ್ರೆ ನಮ್ಮ ಮಗು ಹೋಗುತ್ತಾ?"

ಎರಡು ದಿನ ಕಳೆಯಿತು. ಆ ಮೂಟೆ ತಾನಾಗಿ ನಡೆದಾಡತೊಡಗಿತು. ಚಿಂತಾಮಣಿಯಿಂದ ಯಾರೋ ಬರೆದರು, ಮೂಟೆ ಹೊತ್ತವರು ಶಾಲೆಯ ಹತ್ತಿರ ಓಡಾಡುತ್ತಿದ್ದಾರಂತೆ. ಚಿಕ್ಕಬಳ್ಳಾಪುರದ ಪರಿಚಯದವರು ಬರೆದರು, ಬಸ್ ಸ್ಟ್ಯಾಂಡಿನಲ್ಲಿ ಮೂಟೆಯೊಳಗಿಂದ ಅಳು ಕೇಳಿಸಿತಂತೆ. ನಂದಿಯ ದ್ರಾಕ್ಷಿ ತೋಟದವರಿಂದ ಬಂದದ್ದರಲ್ಲಿ ಶಿಡ್ಲಘಟ್ಟದ ಹತ್ತಿರ ಮೂಟೆಯೊಳಗೆ ಮಗುವೇ ಸಿಕ್ಕಿಬಿಟ್ಟಿತ್ತು! ಅತ್ತೆ ನನಗೆ ಫೋನು ಮಾಡಿದಾಗ ಅವರ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ನೋಡಿದ್ಯಾ? ನಾನು ಹೇಳಿರ್ಲಿಲ್ವಾ? ಮೂಟೆ ಅಂತೆ! ಮೂರು ಕಡೆಯಿಂದ ಬಂತು ಕಣೇ!"

"ಅತ್ತೆ, ಮೂಟೆ ಅಂತ ಹೇಳಿದ್ದು ನೀವೇ!"

"ಅದನ್ನೇ ನಾನೂ ಹೇಳ್ತಿರೋದು! ನಾನು ಹೇಳಿದ್ದನ್ನೇ ಈಗ ಎಲ್ರೂ ಹೇಳ್ತಾವ್ರೆ!"

ಭಾನುವಾರ ನಾನು ಹಳ್ಳಿಗೆ ಹೋದೆ. ಮಗುವನ್ನು ನೋಡಿಕೊಂಡು, ಅತ್ತೆಯನ್ನು ಸಮಾಧಾನ ಮಾಡಿ ಬರೋಣವೆಂದು. ಮನೆಯಲ್ಲಿ ಮಗು ಕಾಣಲಿಲ್ಲ. ಹುಳದ ಮನೆಯ ಬಾಗಿಲಿಗೆ ಬೀಗ. ಬೀಗದ ಆಚೆಯಿಂದ ಹಾಡು ಕೇಳಿಸುತ್ತಿದೆ! ಕೈಕಾಲು ತೊಳೆಯದೆ ಅಪ್ಪನಾಣೆಗೂ ಯಾರನ್ನೂ ಒಳಗೆ ಬಿಡದ, ಹುಳಕ್ಕೆ ಕಾಯಿಲೆ ಅಂಟೀತೆಂದು ನೆಂಟರನ್ನೂ ಹೊಸ್ತಿಲ ಹೊರಗೆ ನಿಲ್ಲಿಸುವ ನಮ್ಮತ್ತೆ, ಮೊಮ್ಮಗಳನ್ನು ಒಳಗೆ ಕೂಡಿ ಹಾಕಿದ್ದರು. ಕಿಟಕಿಯಲ್ಲಿ ನೋಡಿದೆ. ಮಗು ಸೊಪ್ಪಿನ ರಾಶಿಯ ಮೇಲೆ ಕೂತು ಹುಳುಗಳಿಗೆ ಎ ಬಿ ಸಿ ಡಿ ಹೇಳಿಕೊಡುತ್ತಿತ್ತು. ಹುಳುಗಳು ತಲೆ ಎತ್ತದೆ ಸೊಪ್ಪು ತಿನ್ನುತ್ತಿದ್ದವು. ನನ್ನ ಕ್ಲಾಸಿನ ನೆನಪಾಯಿತು.

ಅತ್ತೆಗೆ ಬುದ್ಧಿ ಹೇಳಲು ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಬಸ್ ನಿಲ್ದಾಣದ ಕಡೆಯಿಂದ ಗಲಾಟೆ ಕೇಳಿಸಿತು. ಪಕ್ಕದ ಮನೆಯಾಕೆ ಓಡುತ್ತಾ ಬಂದು ಕೂಗಿದಳು.

"ದೊಡ್ಡಮ್ಮಾ, ಸಿಕ್ಕಿಬಿದ್ದ! ಮೂಟೆಯೋನು ಸಿಕ್ಕಿಬಿದ್ದ!"

ಅತ್ತೆ ಗೋಡೆ ಹಿಡಿದುಕೊಂಡರು. ಅವರ ಮುಖದಲ್ಲಿ ಗೆದ್ದ ಸಂತೋಷ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಬೆಳ್ಳಗೆ ಬಿಳಿಚಿಕೊಂಡಿದ್ದರು. "ನಿಜವಾಗ್ಲೂ ಮೂಟೆ ಇದೆಯಂತಾ?" ಎಂದು ನನ್ನನ್ನು ಕೇಳಿದರು. ಆ ಪ್ರಶ್ನೆಯಲ್ಲೇ ನನಗೆ ಎಲ್ಲ ಗೊತ್ತಾಯಿತು. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು, ಆ ಮೂಟೆ ಎಲ್ಲಿಂದ ಬಂತೆಂದು?

ನಾನು ಮುಂದೆ ಓಡಿದೆ. ನಿಲ್ದಾಣದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯನನ್ನು ಇಬ್ಬರು ತೋಳು ತಿರುಚಿ ಹಿಡಿದಿದ್ದರು. ಸುತ್ತ ಅರ್ಧ ಊರು. ಅಂಗಿಯ ತೋಳು ಹರಿದಿತ್ತು, ಎಡಗೈ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಕಾಲ ಬಳಿ ಬಿಚ್ಚಿದ ಮೂಟೆ. ಮೂಟೆಯ ತುಂಬ ಕೂದಲು! ಪಕ್ಕದಲ್ಲಿ ಸ್ಟೀಲಿನ ಬಟ್ಟಲುಗಳು, ಒಂದು ಗೊಂಚಲು ಬಲೂನು.

ನಿಮಗೆ ಗೊತ್ತಿರುತ್ತದೆ. ಹೆಂಗಸರು ತಲೆ ಬಾಚಿದಾಗ ಉದುರುವ ಕೂದಲನ್ನು ಕೂಡಿಟ್ಟು ಕೊಟ್ಟರೆ ಬಟ್ಟಲು ಕೊಡುತ್ತಾರೆ, ಮಕ್ಕಳು ತಂದುಕೊಟ್ಟರೆ ಬಲೂನು ಕೊಡುತ್ತಾರೆ. ಬೀದಿಯಲ್ಲಿ ಕೂಗಿಕೊಂಡು ಬರುವ ಆ ವ್ಯಾಪಾರದವನು. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಅಂಥದೇ ಬಟ್ಟಲುಗಳಿದ್ದವು. ಆದರೆ ಆ ಗಳಿಗೆಯಲ್ಲಿ ಯಾರ ಕಣ್ಣಿಗೂ ಬಟ್ಟಲು ಕಾಣಲಿಲ್ಲ.

"ಮಕ್ಕಳ ಕೂದಲು ಕಣ್ರೋ! ಬಲೂನು ಕೊಟ್ಟು ಕರೀತಾನೆ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದ. ಆ ಮನುಷ್ಯ ಆಂಧ್ರದ ಕಡೆಯವನು. "ನೇನು ಅಟುವಂಟಿವಾಣ್ಣಿ ಕಾದಣ್ಣಾ, ನಾಕೂ ಪಿಲ್ಲಲು ಉನ್ನಾರು" ಎಂದು ಅಳುತ್ತಿದ್ದ. ನಾನು ಅಂಥವನಲ್ಲ, ನನಗೂ ಮಕ್ಕಳಿದ್ದಾರೆ ಅಂತ. ಅಲ್ಲಿದ್ದ ಎಲ್ಲರಿಗೂ ತೆಲುಗು ಬರುತ್ತದೆ. ಆದರೂ ಯಾರಿಗೂ ಅರ್ಥವಾಗಲಿಲ್ಲ.

ನಾನು ಪೊಲೀಸರಿಗೆ ಫೋನು ಮಾಡಿದೆ. ಜೀಪು ಹೊರಟಿದೆ ಎಂದರು. ಜೀಪು ಬರುವವರೆಗೆ? ಗುಂಪಿನ ನಡುವೆ ನುಗ್ಗಿ ನನ್ನ ಕ್ಲಾಸಿನ ದನಿಯಲ್ಲೇ ಕೂಗಿದೆ. "ಬಿಡಿ ಅವರನ್ನ! ಇದೆಲ್ಲ ಸುಳ್ಳು ಸುದ್ದಿ! ಎಲ್ಲೂ ಯಾವ ಮಗುವೂ ಕಳೆದುಹೋಗಿಲ್ಲ!"

"ಟೀಚರ್, ನೀವು ಗೌರಿಬಿದನೂರಿನೋರು. ಇಲ್ಲಿಂದು ನಿಮಗೇನು ಗೊತ್ತು?" ಎಂದ ತೋಳು ಹಿಡಿದಿದ್ದವನು. ಯಾರೋ ಹಿಂದಿನಿಂದ ನನ್ನನ್ನು ಪಕ್ಕಕ್ಕೆ ಸರಿಸಿದರು. ಗುಂಪಿನ ಆಚೆ ಒಬ್ಬ ಹುರಿಹಗ್ಗ ತರುತ್ತಿರುವುದು ಕಾಣಿಸಿತು.

ಅಷ್ಟರಲ್ಲಿ ಅತ್ತೆ ಬಂದರು. ಹಿಂದೆ ಮಾವ. ಅತ್ತೆಯ ಕೈಯಲ್ಲಿ ಇನ್ನೂ ಹಿಪ್ಪುನೇರಳೆ ಸೊಪ್ಪಿನ ಹಸಿ ಅಂಟಿಕೊಂಡಿತ್ತು. ಅವರನ್ನು ನೋಡಿ ಗುಂಪು ದಾರಿ ಬಿಟ್ಟಿತು. ಊರಿನಲ್ಲಿ ಅವರಿಗೆ ಮರ್ಯಾದೆಯಿದೆ. ಅಲ್ಲಿದ್ದ ಎಷ್ಟೋ ಹುಡುಗರಿಗೆ ಹುಟ್ಟಿದಾಗ ಎಣ್ಣೆ ನೀರು ಹಾಕಿದವರು ಅವರು. ನಡುವೆ ಬಂದು ನಿಂತು ಒಂದು ಸಲ ಮೂಟೆಯನ್ನು ನೋಡಿದರು, ಒಂದು ಸಲ ಆ ಮನುಷ್ಯನನ್ನು.

"ಬಿಡ್ರೋ ಅವನನ್ನ" ಎಂದರು. "ಆ ಮೂಟೆ ಮಾತು ನಂದು. ನಾನೇ ಸೇರ್ಸಿದ್ದು. ನಾನು ಯಾವ ಮೂಟೇನೂ ನೋಡಿಲ್ಲ, ಯಾವ ಕಳ್ಳನ್ನೂ ನೋಡಿಲ್ಲ. ಭಯಕ್ಕೆ ಬಾಯಿಗೆ ಬಂದಿದ್ದು ಹೇಳ್ದೆ."

ನಮ್ಮತ್ತೆ ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ತಾವು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡಿದ್ದರು, ಅದೂ ಅರ್ಧ ಊರಿನ ಮುಂದೆ! ಇನ್ನು ಎಲ್ಲ ಸರಿಹೋಯಿತು ಎಂದು ನಾನು ಉಸಿರು ಬಿಟ್ಟೆ.

"ಅಯ್ಯೋ ಬಿಡಿ ದೊಡ್ಡಮ್ಮಾ" ಎಂದ ಚಿತ್ರ ಹಿಡಿಯುತ್ತಿದ್ದವನು. "ನೀವು ಕಳಿಸಿದ್ದೊಂದೇ ಅಲ್ಲ. ನಮಗೆ ಚಿಂತಾಮಣಿಯಿಂದ ಬೇರೆ ಬಂದಿದೆ, ನಂದಿ ಕಡೆಯಿಂದ ಬೇರೆ ಬಂದಿದೆ."

"ಅದೂ ನಂದೇ ಕಣೋ! ನನ್ನ ಹತ್ರದಿಂದ್ಲೇ ಹೋಗಿ ತಿರುಗಿ ಬಂದಿರೋದು!"

"ನಿಮಗೆ ಗೊತ್ತಾಗಲ್ಲ, ಸುಮ್ನಿರಿ" ಎಂದು ಇನ್ನೊಬ್ಬ ಅವರನ್ನೇ ಸಮಾಧಾನ ಮಾಡಿದ. "ವಯಸ್ಸಾದೋರು, ಹೆದರ್ಕೊಂಡವ್ರೆ, ನೀರು ಕೊಡ್ರೋ."

ಕೇಳಿದಿರಾ! ಸುದ್ದಿ ಹುಟ್ಟಿಸಿದವರೇ ಎದುರು ನಿಂತು ಅದು ಸುಳ್ಳು ಎಂದರೂ ಸುದ್ದಿಗೆ ಏನೂ ಆಗಲಿಲ್ಲ. ಅದು ಆಗಲೇ ಅವರಿಗಿಂತ ದೊಡ್ಡದಾಗಿ ಬೆಳೆದುಬಿಟ್ಟಿತ್ತು. ಹಗ್ಗ ತಂದವನು ಮುಂದೆ ಬಂದ. ಆ ಮನುಷ್ಯ ಅಳುವುದನ್ನೂ ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡುತ್ತಿದ್ದ. ತುಟಿ ಒಣಗಿ ಬಿಳಿಯಾಗಿತ್ತು.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ಅವನ ಹತ್ತಿರ ಹೋಗಿ, ಕೆನ್ನೆಗೆ ಹೊಡೆಯುತ್ತಾರೋ ಎನ್ನುವ ಹಾಗೆ ಕೈ ಎತ್ತಿ ತೆಲುಗಿನಲ್ಲಿ ಬೈಯತೊಡಗಿದರು.

"ಏಮಪ್ಪಾ ನೀಕು ಬುದ್ಧಿ ಉಂದಾ? ಇಂಟಿಕಿ ರಮ್ಮಂಟೇ ಇಕ್ಕಡ ನಿಲಬಡ್ಡಾವಾ?" ಮನೆಗೆ ಬಾ ಎಂದರೆ ಇಲ್ಲಿ ನಿಂತಿದ್ದೀಯಾ ಅಂತ! ಆಮೇಲೆ ಗುಂಪಿನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. "ನಮ್ಮ ಬೀಗರ ಕಡೆಯೋನು ಕಣ್ರೋ. ಚಿಂತಾಮಣೀಲಿ ನಮ್ಮ ಮಗಳ ಅತ್ತೆಗೆ ತಮ್ಮ ಆಗ್ಬೇಕು. ಊಟಕ್ಕೆ ಬಾ ಅಂತ ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ಈ ವ್ಯಾಪಾರ ಬಿಡು ಅಂದ್ರೆ ಕೇಳಲ್ಲ. ನಾಚಿಕೆ ಆಗಿ ಯಾರ್ಗೂ ಹೇಳಿರ್ಲಿಲ್ಲ."

ನಾನು ಬಾಯಿ ತೆರೆದು ನಿಂತೆ. ಹಸಿ ಹಸಿ ಸುಳ್ಳು! ಒಂದಕ್ಷರವೂ ನಿಜವಿಲ್ಲ. ಯಾವ ಊರು, ಏನು ಹೆಸರು, ಹೇಗೆ ತಮ್ಮ ಎಂದು ಯಾರಾದರೂ ಕೇಳುತ್ತಾರೆ ಎಂದು ಕಾದೆ.

ಯಾರೂ ಕೇಳಲಿಲ್ಲ! ತೋಳು ಹಿಡಿದಿದ್ದ ಕೈಗಳು ತಾವಾಗಿಯೇ ಸಡಿಲವಾದವು. "ಅಯ್ಯೋ, ನಮ್ಮ ದೊಡ್ಡಮ್ಮನ ಕಡೆಯೋರಾ? ಮೊದಲೇ ಹೇಳ್ಬಾರ್ದಾ ಅಣ್ಣಾ!" ಎಂದು ಈಗಷ್ಟೇ ತಿರುಚುತ್ತಿದ್ದವನೇ ಅವನ ಅಂಗಿಯ ಧೂಳು ಕೊಡವಿದ. ಚಿತ್ರ ಹಿಡಿಯುತ್ತಿದ್ದವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಯಾರೋ ಕೂದಲನ್ನು ಮೂಟೆಗೆ ತುಂಬಿ ಕೊಟ್ಟರು. ಹಗ್ಗ ತಂದವನು ಆ ಮೂಟೆಯ ಬಾಯನ್ನು ಅದೇ ಹಗ್ಗದಲ್ಲಿ ಕಟ್ಟಿದ!

ಅತ್ತೆ ಅವನ ಬಲಗೈ ಹಿಡಿದುಕೊಂಡರು, ಮಾವ ಮೂಟೆ ಎತ್ತಿಕೊಂಡರು. ಬೀದಿಯುದ್ದಕ್ಕೂ ಅತ್ತೆ ಬೀಗರ ಮನೆಯ ಕ್ಷೇಮಸಮಾಚಾರ ಕೇಳುತ್ತಲೇ ನಡೆದರು. ಅವನು ಅವರು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ ನಡೆದ. ಸ್ವಲ್ಪ ಹೊತ್ತಿಗೆ ಬಂದ ಜೀಪಿಗೆ ನಿಲ್ದಾಣದಲ್ಲಿ ಸಿಕ್ಕಿದ್ದು ಒಡೆದ ಎರಡು ಬಲೂನು.

ಮನೆಯ ಬಾಗಿಲು ಹಾಕಿದ ಮೇಲೆ ಅತ್ತೆಯ ಮಾತು ನಿಂತಿತು. ಅಷ್ಟು ಹೊತ್ತು ಮಾತಾಡಿಸಿದ ಶಕ್ತಿ ಎಲ್ಲಿಗೆ ಹೋಯಿತೋ, ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದು ಕೂತರು. ಮಾವ ಅವನಿಗೆ ಕೈಕಾಲಿಗೆ ನೀರು ಕೊಟ್ಟು, ಊದಿದ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿದರು. ನಾನು ಹುಳದ ಮನೆಯ ಬೀಗ ತೆಗೆದು ಮಗುವನ್ನು ಕರೆತಂದೆ. ಮಗು ಬಲೂನು ನೋಡಿ ನೇರ ಅವನ ಹತ್ತಿರ ಹೋಯಿತು. ಅವನು ಬೆಚ್ಚಿ ಹಿಂದಕ್ಕೆ ಸರಿದ. ಮಗುವಿಗೆ ಕೈ ಚಾಚಲು ಅವನಿಗೆ ಭಯ! ಅತ್ತೆಯೇ ಎದ್ದುಬಂದು, ಗೊಂಚಲಿನಿಂದ ಒಂದು ಹಳದಿ ಬಲೂನು ಬಿಡಿಸಿ ಅವನ ಕೈಗಿಟ್ಟು, ಕೊಡು ಎಂದು ಕಣ್ಣಿನಲ್ಲೇ ಹೇಳಿದರು. ಕೊಟ್ಟ.

ಎಲೆ ಹಾಕಿ ಅನ್ನ ಸಾರು ಬಡಿಸಿದರು. ಅವನ ಕೈ ಅನ್ನದಲ್ಲಿತ್ತು, ಬಾಯಿಗೆ ಏರುತ್ತಿರಲಿಲ್ಲ.

"ತಿನು ನಾಯನಾ, ಭಯಪಡೊದ್ದು" ಎಂದರು ಅತ್ತೆ. ತಿನ್ನಪ್ಪಾ, ಹೆದರಬೇಡ ಅಂತ. ಆಮೇಲೆ, ತಡೆಯಲಾರದೆ ಕೇಳಿದರು. ಇಂಥ ಸುದ್ದಿ ಓಡಾಡುತ್ತಿರುವಾಗ ಮೂಟೆ ಹೊತ್ತು ಯಾಕೆ ಬಂದೆ, ನಿನಗೆ ಗೊತ್ತಿರಲಿಲ್ಲವೇ ಎಂದು.

ಗೊತ್ತಿತ್ತಂತೆ. ಬೆಳಿಗ್ಗೆ ಚಹಾದಂಗಡಿಯಲ್ಲಿ ಯಾರೋ ಅವನ ಫೋನಿಗೂ ಅದನ್ನು ಕಳಿಸಿದ್ದರಂತೆ. ಕೇಳಿ ಅವನಿಗೆ ಕೈಕಾಲು ತಣ್ಣಗಾಯಿತಂತೆ. ತಾನು ಮೂಟೆಯವನು ಎನ್ನುವುದೇ ಆಗ ಹೊಳೆಯಲಿಲ್ಲವಂತೆ. ಊರಿನಲ್ಲಿ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಒಬ್ಬಳೇ ಇದ್ದಾಳೆ. ಮಕ್ಕಳನ್ನು ಬಾಗಿಲಿಗೆ ಬಿಡಬೇಡ ಎಂದು ತಕ್ಷಣ ಅವಳಿಗೆ ಕಳಿಸಿದನಂತೆ. ಎಡಗೈ ಮೇಲೇಳದೆ, ಜೇಬಿನಲ್ಲಿದ್ದ ಫೋನನ್ನು ಮಾವನಿಗೆ ತೋರಿಸಿದ. ಮಾವ ತೆಗೆದು ಒತ್ತಿದರು.

"ಅಮ್ಮಾ, ಅಕ್ಕಾ, ಎಲ್ರೂ ಕೇಳಿಸ್ಕೊಳ್ಳಿ..."

ಅಡುಗೆಮನೆಯ ತುಂಬ ಅತ್ತೆಯ ದನಿ. ಕೊನೆಯ ನಡುಕದವರೆಗೂ ನಾವೆಲ್ಲ ಕೇಳಿಸಿಕೊಂಡೆವು. ಅವನು ಫೋನನ್ನು ನೋಡಿದ, ಅತ್ತೆಯನ್ನು ನೋಡಿದ. ಅತ್ತೆ ತಲೆ ಎತ್ತಲಿಲ್ಲ. ಅವನು ಮೊದಲ ತುತ್ತನ್ನು ಬಾಯಿಗಿಟ್ಟ.

ಆಗ ಆ ಫೋನು ಹೊಡೆದುಕೊಳ್ಳತೊಡಗಿತು. ಅವನ ಹೆಂಡತಿ. ಬಲಗೈಯಲ್ಲಿ ಸಾರನ್ನ, ಎಡಗೈ ಬಟ್ಟೆಯಲ್ಲಿ. ಅತ್ತೆ ಎದ್ದು ಅವನ ಪಕ್ಕದಲ್ಲಿ ಮಂಡಿಯೂರಿ ಕೂತು, ಮಾವನ ಕೈಯಿಂದ ಫೋನು ತೆಗೆದುಕೊಂಡು, ಅವನ ಕಿವಿಗೆ ಹಿಡಿದರು. ಆ ಕಡೆಯ ಗಾಬರಿಯ ದನಿ ನಮಗೂ ಕೇಳಿಸುತ್ತಿತ್ತು. ಎಲ್ಲಿದ್ದೀಯ, ಎಷ್ಟು ಸಲ ಮಾಡಿದೆ, ಯಾಕೆ ಎತ್ತಲಿಲ್ಲ, ಮಕ್ಕಳನ್ನು ಒಳಗೇ ಕೂರಿಸಿದ್ದೇನೆ, ನಿನಗೇನೂ ಆಗಿಲ್ಲ ತಾನೆ?

ಅವನು ಅನ್ನ ನುಂಗಿಕೊಂಡ. ಅತ್ತೆಯ ಕಡೆ ಒಂದು ಸಲ ನೋಡಿದ.

"ಏಂ ಲೇದು. ತಿಂಟಾ ಉಂಡಾ" ಎಂದ. "ಮನವಾಳ್ಳ ಇಂಟ್ಲೋ ಉಂಡಾ."

ಏನಿಲ್ಲ, ಊಟ ಮಾಡುತ್ತಿದ್ದೇನೆ. ನಮ್ಮೋರ ಮನೆಯಲ್ಲಿದ್ದೇನೆ.

ಆ ಕಡೆಯವರು ಮಾತು ನಿಲ್ಲಿಸಲಿಲ್ಲ. ಮಕ್ಕಳಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಅತ್ತೆಯ ತೋಳು ಸೋತು ನಡುಗುತ್ತಿತ್ತು, ಆದರೂ ಫೋನನ್ನು ಕಿವಿಯಿಂದ ಅಲುಗಿಸಲಿಲ್ಲ. ಮಾವ ಹೋಗಿ ಪಕ್ಕದಲ್ಲಿ ಕೂತು, ಅವರ ಮೊಣಕೈ ಕೆಳಗೆ ತಮ್ಮ ಅಂಗೈ ಕೊಟ್ಟರು. ಹಾಗೇ ಹಿಡಿದುಕೊಂಡು ಕೂತರು, ಅವನು ಮಾತು ಮುಗಿಸುವವರೆಗೆ.